ಎಡಸಾಲಿನ ಮೂರನೆಯ ಕಂಬ

ಕೆಲ್ಮಾವೊ ದ್ವೀಪ, ಚಿಲೋಯೆ
೧೪ ಸೆಪ್ಟೆಂಬರ್ ೧೯೯೭

ಬೆಲಾರ್ಮಿನೊ ಚಿಗ್ವಾಯ್ ಅವರಿಗೆ,

ಈ ವಿಳಾಸ ನಿನ್ನದೇ ಆಗಿದ್ದರೆ ಮುಂದಕ್ಕೆ ಓದು. ಪುಂತಾ ಅರೇನಾಸ್‌ನಿಂದ ಬೇಸಿಗೆಯಲ್ಲಿ ಊರಿಗೆ ಬಂದಿದ್ದವರು ಕೊಟ್ಟದ್ದು. ನೀನು ಹಡಗುಕಟ್ಟೆಯ ಬಡಗಿ ಶೆಡ್ಡಿನಲ್ಲಿದ್ದೀಯ ಎಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದೂ ಹೇಳಿದರು, ನಾನು ಕೇಳಿರಲಿಲ್ಲ.

ಬರೆಯುತ್ತಿರುವುದು ಇಗರ್ಜಿಯ ಕೆಲಸಕ್ಕಾಗಿ, ಬೇರೇನಕ್ಕೂ ಅಲ್ಲ. ಅಮ್ಮ ಹೋದ ಮೇಲೆ ಇಗರ್ಜಿಯ ಕೀಲಿಕೈ ನನ್ನ ಹತ್ತಿರ ಇದೆ, ಮೂವತ್ತು ವರ್ಷವಾಯಿತು. ಈಗೀಗ ಜನವರಿಯಲ್ಲಿ ದಿನಕ್ಕೆ ಎರಡು ಲಾಂಚ್ ತುಂಬ ನೋಡುವವರು ಬರುತ್ತಾರೆ. ಒಳಗೆ ಬಂದು ಕತ್ತು ಮೇಲೆತ್ತಿ, ಚಾವಣಿ ಮಗುಚಿದ ದೋಣಿಯ ಹಾಗಿದೆ ಎನ್ನುತ್ತಾರೆ. ದೋಣಿ ಕಟ್ಟುವವರೇ ಕಟ್ಟಿದ ಮೇಲೆ ಇನ್ನು ಹೇಗಿರಬೇಕಿತ್ತೋ ಗೊತ್ತಿಲ್ಲ.

ಹೋದ ತಿಂಗಳು ಕಾಸ್ತ್ರೊದಿಂದ ಇಸಿದೋರಾ ಎಂಬ ಆರ್ಕಿಟೆಕ್ಟ್ ಹುಡುಗಿ ಬಂದಳು. ಹಳೆಯ ಇಗರ್ಜಿಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ಹನ್ನೆರಡು ಕಂಬಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿದಳು, ವೈದ್ಯರು ಎದೆ ಕೇಳುವ ಹಾಗೆ. ಎಡಸಾಲಿನಲ್ಲಿ ಬಾಗಿಲಿನಿಂದ ಮೂರನೆಯದರ ಕೆಳಗಿನ ತುದಿ ಕೊಳೆತಿದೆಯಂತೆ. ಕಂಬ ಇಳಿಸಿ, ಅಷ್ಟು ಭಾಗ ಕೊಯ್ದು ಹೊಸ ಮರ ಕೂಡಿಸಬೇಕು ಎಂದಳು. ಅದರ ಮೇಲ್ತುದಿಯ ಕೀಲು ಉಳಿದವುಗಳ ಹಾಗಿಲ್ಲ, ಹೇಗೆ ಕೂಡಿಸಿದ್ದು ಎಂದು ಕೇಳಿದಳು. ೧೯೬೦ರ ಭೂಕಂಪದ ಮರುವರ್ಷ ಆ ಕಂಬ ನಿಲ್ಲಿಸಿದವರಲ್ಲಿ ಉಳಿದಿರುವವನು ನೀನೊಬ್ಬನೇ. ಯಾವ ಕಂಬ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೀಲಿನ ಚಿತ್ರ ಬರೆದು ಕಳಿಸಿದರೆ ಸಾಕು.

ಎದುವಿನಾ ಚಿಗ್ವಾಯ್
ಇಗರ್ಜಿಯ ಕೀಲಿಕೈಯವಳು


ಪುಂತಾ ಅರೇನಾಸ್
೨೦ ಅಕ್ಟೋಬರ್ ೧೯೯೭

ಎದುವಿನಾ,

ಪತ್ರ ತಲುಪಿತು. ಚಿತ್ರ ಇದರ ಜೊತೆಗಿದೆ. ಮೂರು ಮರದ ಮೊಳೆಗಳಿವೆ, ನಡುವಿನದನ್ನು ಮೊದಲು ತೆಗೆಯಬೇಕು. ಮೇಲಿನದನ್ನು ಮೊದಲು ತೆಗೆದರೆ ತೊಲೆ ಕುಸಿಯುತ್ತದೆ. ಆ ಹುಡುಗಿಗೆ ಇದನ್ನು ಎರಡು ಸಲ ಹೇಳು.

ಕೂದಲಿನ ವಿಷಯ ನಿಜ.

ಬೆಲಾರ್ಮಿನೊ


ಕೆಲ್ಮಾವೊ
೯ ನವೆಂಬರ್ ೧೯೯೭

ಬೆಲಾರ್ಮಿನೊ,

ಚಿತ್ರವನ್ನು ಇಸಿದೋರಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಇವರು ಎಲ್ಲಿ ಓದಿದ್ದು ಎಂದು ಕೇಳಿದಳು. ಮೂರನೆಯ ಕ್ಲಾಸಿನವರೆಗೆ, ಇಲ್ಲೇ ಎಂದೆ.

ಈಗ ಇನ್ನೊಂದು ತಕರಾರು ಎದ್ದಿದೆ. ಪಾದ್ರಿ ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವರು ಇಂದಿಗೂ ದೊನ್ ಹಸಿಂತೊ ಅವರೇ. ಎಂಬತ್ತನಾಲ್ಕು ವರ್ಷ, ದನಿ ಹಾಗೇ ಇದೆ. ಕಂಬ ಇಳಿಸುತ್ತಾರೆ ಎಂದು ಕೇಳಿದ್ದೇ ತಡ, ಊರಿನವರನ್ನು ಕೂಡಿಸಿ ಮಾತು ತೆಗೆದರು.

"ಇಳಿಸೋದಾದ್ರೆ ಇಳಿಸ್ಲಿ, ಆದ್ರೆ ವಾಪಸ್ ನಿಲ್ಸೋದು ಬೇಡ. ದಂಡೆ ಮೇಲೆ ಸುಡೋಣ. ಏಳು ಜನರನ್ನ ತಿಂದ ಕಂಬ ಅದು."

ಇಸಿದೋರಾಗೆ ಅರ್ಥವಾಗಲಿಲ್ಲ. "ಕಂಬ ಜನರನ್ನ ತಿನ್ನುತ್ತಾ ದೊನ್ ಹಸಿಂತೊ?" ಅಂದಳು.

"ಬುಡ ಮೇಲೆ ಮಾಡಿ ನಿಲ್ಲಿಸಿದ್ರೆ ತಿನ್ನುತ್ತೆ ಮಗಳೇ. ಮರ ಕಾಡಲ್ಲಿ ಹೆಂಗೆ ನಿಂತಿತ್ತೋ ಮನೇಲೂ ಹಂಗೇ ನಿಲ್ಬೇಕು. ಅದು ಹುಟ್ಟಾ ಬಡಗಿಗೆ ಗೊತ್ತಿರೋ ಮಾತು. ಸೊಫಾನೋರನ ಮಗನಿಗೆ ಗೊತ್ತಿರಲಿಲ್ಲ."

ಅಪ್ಪನ ಹೆಸರು ಹಿಡಿದು ನಿನ್ನನ್ನೇ ಅಂದದ್ದು. ಹೀಗೆ ಮೂವತ್ತೈದು ವರ್ಷದ ಹಿಂದಿನದೆಲ್ಲ ಹೊರಗೆ ಬಂತು. ಕಂಬ ನಿಂತ ಮರುವರ್ಷ ಪಕ್ಕದ ದ್ವೀಪದ ಕಂದೆಲಾರಿಯಾ ಮಾತೆಯ ಹಬ್ಬ ಮುಗಿಸಿ ಬರುತ್ತಿದ್ದ 'ಎಸ್ತೆಲಾ' ದೋಣಿ ಮುಳುಗಿದ್ದು, ಏಳು ಜನ ಸತ್ತದ್ದು, ಅವರಲ್ಲಿ ರೂಪೆರ್ತೊ ಇದ್ದದ್ದು, ಈಸ್ಟರ್ ಆದ ಮೇಲೆ ಅವನಿಗೂ ನನಗೂ ಮದುವೆ ಎಂದಿದ್ದದ್ದು, ಎಲ್ಲವನ್ನೂ ಅವಳಿಗೆ ನನ್ನ ಮುಂದೆಯೇ ಹೇಳಿದರು. ನಾನು ಇಗರ್ಜಿಯ ಮೇಜುಬಟ್ಟೆ ಮಡಿಸುತ್ತಿದ್ದೆ. ಮಡಿಸಿ ಮುಗಿಸಿದೆ.

ಇಸಿದೋರಾ ಕಂಬ ಸುಡಲು ಬಿಡುವುದಿಲ್ಲ. ಊರಿನವರು ಅದನ್ನು ಮತ್ತೆ ಎತ್ತಲು ಕೈ ಜೋಡಿಸುವುದಿಲ್ಲ. ಊರೆಲ್ಲ ಕೈ ಜೋಡಿಸದೆ ಇಲ್ಲಿ ಯಾವ ಮಿಂಗಾ, ಯಾವ ಕೂಡುಕೆಲಸ ನಡೆದಿದೆ? ಮಾರ್ಚಿನೊಳಗೆ ತೀರ್ಮಾನ ಆಗದಿದ್ದರೆ ಅವಳು ಕೆಲಸದವರನ್ನು ಕರೆದುಕೊಂಡು ಬೇರೆ ಊರಿಗೆ ಹೋಗುತ್ತಾಳೆ. ಚಾವಣಿ ಇನ್ನು ಎರಡು ಮಳೆಗಾಲ ತಡೆದರೆ ಹೆಚ್ಚು.

ಆಗ ನಾನು ನಿನ್ನನ್ನು ಕೇಳಲಿಲ್ಲ, ಊರು ಹೇಳಿದ್ದನ್ನು ನಂಬಿದೆ. ಈಗ ಕೇಳುತ್ತಿದ್ದೇನೆ. ಆ ಕಂಬ ನಿಜವಾಗಿ ಬುಡ ಮೇಲಾಗಿದೆಯೇ? ನಿಲ್ಲಿಸಿದವನು ನೀನೇ? ಒಂದೇ ಸಾಲು ಬರೆದರೆ ಸಾಕು. ಅಂದು ಜೆಟ್ಟಿಯ ಮೇಲೆ ನಾನು ನಿನಗೆ ಹೇಳಿದ ಮಾತು ನನಗೆ ನೆನಪಿದೆ. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ ಎಂದು ಇದರಿಂದ ತಿಳಿಯಬೇಡ.

ಎದುವಿನಾ


ಪುಂತಾ ಅರೇನಾಸ್
೩ ಡಿಸೆಂಬರ್ ೧೯೯೭

ಎದುವಿನಾ,

ಹೌದು, ಬುಡ ಮೇಲಾಗಿದೆ. ನಿಲ್ಲಿಸಿದ್ದು ನಾನೇ.

ನೀನು ಒಂದು ಸಾಲು ಕೇಳಿದೆ, ಎರಡಾಯಿತು. ಇನ್ನೂ ಸ್ವಲ್ಪ ಬರೆಯುತ್ತೇನೆ. ಇಲ್ಲಿ ಇವತ್ತು ಗಾಳಿ ಜೋರು, ಶೆಡ್ಡು ಮುಚ್ಚಿದ್ದಾರೆ.

ಮೂವತ್ತು ವರ್ಷ ಕೀಲಿಕೈ ಹಿಡಿದವಳು, ಬೇರೆ ಊರಿನ ಒಂದಾದರೂ ಇಗರ್ಜಿಯನ್ನು ಸರಿಯಾಗಿ ನೋಡಿದ್ದೀಯಾ? ಹಬ್ಬಕ್ಕೆ ಹೋಗಿ ಮೊಣಕಾಲೂರಿ ಬಂದದ್ದು ಲೆಕ್ಕಕ್ಕಿಲ್ಲ. ಬರುವವರೆಲ್ಲ ಚಾವಣಿ ನೋಡುತ್ತಾರೆ, ಪೀಠ ನೋಡುತ್ತಾರೆ. ಕಂಬಕ್ಕೆ ಒರಗುತ್ತಾರೆಯೇ ಹೊರತು ಅದನ್ನು ನೋಡುವುದಿಲ್ಲ. ನೀನು ನೋಡು. ತಾಂಕೆಗೆ ಹೋಗು, ಪಿಲ್ದೆಯ್‌ಗೆ ಹೋಗು, ಆಗುವುದಾದರೆ ಹುಯಿನ್ಕೊಗೂ ಹೋಗು. ಟಾರ್ಚ್ ಒಯ್ಯಿ.

ನೋಡುವ ಬಗೆ ಹೀಗೆ. ಕೊಂಬೆ ಕಾಂಡದ ತಿರುಳಿನಿಂದ ಹುಟ್ಟಿ ಹೊರಕ್ಕೆ ಬರುವಾಗ ಓರೆಯಾಗಿ ಮೇಲಕ್ಕೆ ಬರುತ್ತದೆ. ಮರ ಸೀಳಿ ಚೌಕ ಮಾಡಿದಾಗ ಆ ಗಂಟು ಈಟಿಯ ತುದಿಯ ಹಾಗೆ ಉದ್ದಕ್ಕೆ ಕಾಣುತ್ತದೆ. ಚೂಪು ತಿರುಳಿನ ಕಡೆ, ಅಗಲ ತೊಗಟೆಯ ಕಡೆ. ಅಗಲದ ತುದಿ ಮೇಲಿದ್ದರೆ ಮರ ಬೆಳೆದ ಹಾಗೇ ನಿಂತಿದೆ. ಕೆಳಗಿದ್ದರೆ ತಲೆಕೆಳಗು. ಬಣ್ಣ ಬಳಿದಿದ್ದರೂ ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಗಂಟು ಉಬ್ಬಿ ಕಾಣುತ್ತದೆ.

ಇಲ್ಲಿ ಚೌಕದಲ್ಲೊಂದು ಕಥೀಡ್ರಲ್ ಇದೆ. ಮೊದಲ ವಾರವೇ ಹೋಗಿ ನೋಡಿದೆ. ಒಳಗೆಲ್ಲ ಗಾರೆ ಮೆತ್ತಿದ್ದಾರೆ, ತಲೆ ಯಾವುದು ಬುಡ ಯಾವುದು ಎಂಬ ತಂಟೆಯೇ ಇಲ್ಲ. ಆಗಾಗ ಹೋಗಿ ಕೂರುತ್ತೇನೆ.

ಬೆಲಾರ್ಮಿನೊ


ಕೆಲ್ಮಾವೊ
೧೧ ಜನವರಿ ೧೯೯೮

ಬೆಲಾರ್ಮಿನೊ,

ನೀನು ಹೇಳಿದ್ದಕ್ಕೆ ಹೋದೆ ಎಂದುಕೊಳ್ಳಬೇಡ. ಇಸಿದೋರಾಳ ದೋಣಿ ಆ ಕಡೆಗೆ ಹೋಗುತ್ತಿತ್ತು, ಹತ್ತಿದೆ.

ತಾಂಕೆಯ ಇಗರ್ಜಿಯ ಕೀಲಿಕೈ ಕ್ಲೊದೊಮೀರಾ ಹತ್ತಿರ. ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು.

"ಏನೇ ಎದುವಿನಾ, ನೀನೂ ಪ್ರವಾಸಿ ಆಗ್ಬಿಟ್ಯಾ? ಕ್ಯಾಮರಾ ಎಲ್ಲಿ?"

"ಕಂಬ ನೋಡೋಕೆ ಬಂದೆ."

"ಯಾಕೆ, ನಿಮ್ಮೂರಲ್ಲಿ ಕಂಬ ಇಲ್ವಾ?"

"ಇದೆ. ಒಂದು ಕೆಟ್ಟಿದೆ."

"ಹಂಗಾದ್ರೆ ಮಿಲ್ಕಾವ್ ಬೇಯೋವರೆಗೂ ಕೂತಿರು. ಬಿಷಪ್ಪರನ್ನೂ ಕಾಯ್ಸಿದೀನಿ, ನೀನ್ಯಾವ ಲೆಕ್ಕ."

ಕಾದೆ. ಆ ಆಲೂಗಡ್ಡೆ ರೊಟ್ಟಿ ಎರಡು ತಿಂದೆ ಕೂಡ. ಅನಂತರ ಅವಳು ಬಾಗಿಲು ತೆಗೆದಳು. ಮೂವತ್ತು ವರ್ಷದಿಂದ ನಾನು ಬೇರೆಯವರಿಗೆ ಬಾಗಿಲು ತೆಗೆಯುತ್ತಾ ಬಂದಿದ್ದೇನೆ, ನನಗೆ ಇನ್ನೊಬ್ಬರು ತೆಗೆದದ್ದು ಇದೇ ಮೊದಲು. ಹೊಸ್ತಿಲಲ್ಲಿ ಒಂದು ನಿಮಿಷ ಏನು ಮಾಡಬೇಕೋ ತಿಳಿಯಲಿಲ್ಲ. ನಮ್ಮದಕ್ಕಿಂತ ಚಿಕ್ಕದು, ತಗ್ಗು. ನೆಲದ ಹಲಗೆಗಳು ಪ್ರಾರ್ಥನೆಯವರು ಮೊಣಕಾಲೂರುವ ಕಡೆಗಳಲ್ಲಿ ಸವೆದು ತಗ್ಗು ಬಿದ್ದಿವೆ. ತೋಳಿಗೆ ಕೀಲುಗಳಿರುವ ಯೇಸುವಿನ ವಿಗ್ರಹ ಇದೆ, ಶುಭ ಶುಕ್ರವಾರ ಶಿಲುಬೆಯಿಂದ ಇಳಿಸಿ ತೋಳು ಮಡಿಸಿ ಮಲಗಿಸುತ್ತಾರಂತೆ. ಉಗುರುಗಳನ್ನು ಕೂಡ ಕೆತ್ತಿದ್ದಾರೆ. ಇಷ್ಟು ಹತ್ತಿರದ ಊರು, ಇದನ್ನು ನಾನು ನೋಡಿರಲಿಲ್ಲ ಎಂದು ಬೇಸರವಾಯಿತು.

ಕಂಬ ಒಂದೊಂದಾಗಿ ನೋಡಿದೆ. ಹತ್ತು ಇವೆ. ಒಂಬತ್ತು ನೆಟ್ಟಗಿವೆ. ಒಂದು ಬುಡ ಮೇಲು. ಎಡಸಾಲು, ಬಾಗಿಲಿನಿಂದ ಮೂರನೆಯದು.

ಅವರಿಗೂ ಒಬ್ಬ ಮರೆಗುಳಿ ಹುಡುಗನಿದ್ದ ಎಂದುಕೊಂಡೆ. ಕ್ಲೊದೊಮೀರಾಗೆ ಹೇಳಲಿಲ್ಲ. ಈ ಇಗರ್ಜಿ ಕಟ್ಟಿ ಇನ್ನೂರು ವರ್ಷ, ಈ ಊರಿನ ದೋಣಿ ಒಂದೂ ಮುಳುಗಿಲ್ಲ ಎಂದು ಅವಳು ತಾನಾಗಿಯೇ ಹೇಳಿಕೊಂಡಳು.

ಪಿಲ್ದೆಯ್‌ಗೆ ಮುಂದಿನ ವಾರ.

ಎದುವಿನಾ


ಕೆಲ್ಮಾವೊ
೨೫ ಜನವರಿ ೧೯೯೮

ಬೆಲಾರ್ಮಿನೊ,

ನಿನ್ನ ಉತ್ತರ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ.

ಪಿಲ್ದೆಯ್‌ನಲ್ಲಿ ಕೀಲಿಕೈ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಕಂಬಗಳಿಗೆ ಅಮೃತಶಿಲೆಯಂತೆ ಕಾಣಲೆಂದು ಬಣ್ಣ ಬಳಿದಿದ್ದಾರೆ, ಹಕ್ಕಿಯ ಗರಿಯಿಂದ ಎಳೆದ ಗೆರೆಗಳಂತೆ. ಟಾರ್ಚನ್ನು ಪಕ್ಕದಿಂದ ಹಿಡಿದೆ. ಎಡಸಾಲು, ಮೂರನೆಯದು.

ನಿನ್ನೆ ಹುಯಿನ್ಕೊಗೆ ಹೋಗಿದ್ದೆ. ಅದು ದೊಡ್ಡದು, ನೀಲಿ ಚಾವಣಿ, ಮರದ ನಕ್ಷತ್ರಗಳು. ಒಂದು ನಕ್ಷತ್ರ ಭೂಕಂಪದಲ್ಲಿ ಬಿದ್ದದ್ದನ್ನು ತಿರುಗಿ ಹಚ್ಚಿಲ್ಲ, ಆ ಜಾಗ ಕಡು ನೀಲಿಯಾಗಿಯೇ ಉಳಿದಿದೆ. ಹದಿನಾರು ಕಂಬ. ಈ ಸಲ ಬೇರೆ ಯಾವುದನ್ನೂ ನೋಡದೆ ನೇರ ಎಡಸಾಲಿನ ಮೂರನೆಯದಕ್ಕೇ ಹೋದೆ. ನೋಡಿ ಬೆಂಚಿನ ಮೇಲೆ ಕೂತೆ. ಕೀಲಿಕೈಯವಳು ನನಗೆ ಹುಷಾರಿಲ್ಲವೆಂದುಕೊಂಡು ನೀರು ತಂದಳು.

ಮೂರು ಊರಿನ ಮೂವರು ಹುಡುಗರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ. ಇದು ಹೇಳಿ ಮಾಡಿಸಿದ್ದು. ನೀನಾಗ ಇಪ್ಪತ್ತು ತುಂಬದವನು, ಉಳಿ ಹಿಡಿಯಲೂ ಕೇಳಿ ಹಿಡಿಯುತ್ತಿದ್ದೆ. ನಿನಗೆ ಹೇಳಿದವರು ಯಾರು?

ಯಾರು ಎಂದು ನನಗೆ ಗೊತ್ತಿದೆ. ಆದರೆ ನೀನೇ ಬರೆಯಬೇಕು.

ಎದುವಿನಾ


ಪುಂತಾ ಅರೇನಾಸ್
೧೨ ಫೆಬ್ರವರಿ ೧೯೯೮

ಅಕ್ಕ,

ಅಪ್ಪ ಹೇಳಿದ್ದು.

ಒಡೆದ ಹಳೆಯ ಕಂಬ ಇಳಿಸಿದಾಗ ಅದೂ ಬುಡ ಮೇಲಾಗಿಯೇ ಇತ್ತು. ನಾನು ಗಮನಿಸಿರಲಿಲ್ಲ. ಹೊಸದನ್ನು ಎತ್ತುವ ಹೊತ್ತಿಗೆ ಅಪ್ಪ ಉಳಿದವರನ್ನೆಲ್ಲ ಸೇಬಿನ ಚಿಚಾ ಕುಡಿಯಲು ಹೊರಗೆ ಕಳಿಸಿ, ನನ್ನ ಕಿವಿಯ ಹತ್ತಿರ ಬಂದು, "ಬುಡ ಮೇಲೆ" ಅಂದ.

"ಯಾಕಪ್ಪಾ?" ಅಂದೆ.

"ನಮ್ಮಪ್ಪ ನಂಗೆ ಹೇಳ್ಲಿಲ್ಲ. ಅವನಿಗೆ ಅವನಪ್ಪ ಹೇಳ್ಲಿಲ್ಲ. ಒಂದು ಹಿಂಗೇ ಇರ್ಬೇಕು ಅಷ್ಟೆ. ಯಾರಿಗೂ ಹೇಳ್ಬೇಡ, ನಿನ್ನ ಮಗನಿಗೆ ಹೇಳು. ಹಿಡಿ ಈಗ."

ಅಷ್ಟೇ ವಿಷಯ. ನನಗೆ ಮಕ್ಕಳಾಗಲಿಲ್ಲ, ಅದಕ್ಕೆ ಹೇಳುವ ಪ್ರಸಂಗವೂ ಬರಲಿಲ್ಲ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಬರೆಯಬೇಕೋ ಬೇಡವೋ ಎಂದು ಎರಡು ವಾರ ತಿರುಗಾಡಿದೆ, ಕಥೀಡ್ರಲ್‌ನಲ್ಲೂ ಕೂತು ಬಂದೆ. 'ಎಸ್ತೆಲಾ' ಅಪ್ಪ ಕಟ್ಟಿದ ದೋಣಿ, ಅದು ನಿನಗೂ ಗೊತ್ತು. ಆ ವರ್ಷ ಒಳ್ಳೆಯ ಸಿಪ್ರೆಸ್ ಮರವೆಲ್ಲ ಇಗರ್ಜಿಗೆ ಹೋಗಿತ್ತು. ದೋಣಿಯ ತಳಕ್ಕೆ ಒಂದು ಹಲಗೆ ಕಡಿಮೆ ಬಿತ್ತು. ಅಪ್ಪ ಹಳೆಯ ಹಲಗೆಯೊಂದನ್ನು ಹಾಕಿದ. ಹೆಬ್ಬೆರಳು ಒತ್ತಿದರೆ ಗುರುತು ಮೂಡುತ್ತಿತ್ತು. "ಈ ವರ್ಷಕ್ಕೆ ಸಾಕು" ಅಂದು ಮೇಲೆ ದಪ್ಪಗೆ ಟಾರು ಬಳಿದ. ಕುಂಚ ಹಿಡಿದಿದ್ದವನು ನಾನು.

ದೋಣಿ ಮುಳುಗಿ ಮೂರನೆಯ ದಿನ ದೊನ್ ಹಸಿಂತೊ ಇಗರ್ಜಿಯಲ್ಲಿ ಗಂಟು ನೋಡಿ ಕಂಬಕ್ಕೆ ಬೆರಳು ತೋರಿಸಿದರು. ಎಲ್ಲರೂ ನಮ್ಮಿಬ್ಬರ ಕಡೆ ತಿರುಗಿದರು. ಅಪ್ಪ ನನ್ನ ಮುಖ ನೋಡಿದ, ಮಾತಾಡಲಿಲ್ಲ. ಜನ ಕಂಬದ ಮಾತು ಬಿಟ್ಟರೆ ದೋಣಿಯ ಮಾತು ಹಿಡಿಯುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ದೋಣಿಯನ್ನು ಯಾರೂ ಕೊಳ್ಳದೆ ಹೋದರೆ ಅಮ್ಮ, ನೀನು ಏನು ತಿನ್ನಬೇಕಿತ್ತು? ನಾನು ಒಬ್ಬನೇ, ಇಲ್ಲಿ ಕುರಿಯ ಉಣ್ಣೆ ಕತ್ತರಿಸಿಯಾದರೂ ಬದುಕಬಹುದಿತ್ತು. ತಲೆ ಯಾವುದು ಬುಡ ಯಾವುದು ನನಗೇ ಗೊತ್ತಾಗಲಿಲ್ಲ ಎಂದು ತಪ್ಪು ಒಪ್ಪಿಕೊಂಡೆ.

ಅಪ್ಪನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ, ಆದರೆ ಇದೆ. ಅವನು ಸತ್ತಾಗ ನೀನು ಕಳಿಸಿದ ತಂತಿ ಸಿಕ್ಕಿತ್ತು. ದೋಣಿ ಸಿಗಲಿಲ್ಲ ಅಂತಲ್ಲ, ನಾನೇ ಬರಲಿಲ್ಲ.

ಇದನ್ನು ಓದಿ ಒಲೆಗೆ ಹಾಕು. ಕಂಬವನ್ನು ಅವರು ಸುಡುವುದಾದರೆ ಸುಡಲಿ. ಅಪ್ಪನ ಹೆಸರನ್ನು ಮಾತ್ರ ಹಾಗೇ ಬಿಡು.

ಬೆಲಾರ್ಮಿನೊ


ಕೆಲ್ಮಾವೊ
೮ ಮಾರ್ಚ್ ೧೯೯೮

ತಮ್ಮ ಬೆಲಾರ್ಮಿನೊಗೆ,

ಪತ್ರವನ್ನು ಒಲೆಗೆ ಹಾಕಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯ ಬಾಗಿಲು ಒಳಗಿನಿಂದ ಹಾಕಿ, ಕೀಲಿಕೈ ಜೇಬಿಗಿಟ್ಟುಕೊಂಡು, ನನ್ನ ಮಾತು ಮುಗಿಯುವವರೆಗೆ ಯಾರೂ ಹೋಗುವ ಹಾಗಿಲ್ಲ ಎಂದೆ. ಕೀಲಿಕೈ ಇರುವುದು ಇಂಥದ್ದಕ್ಕೂ ಎಂದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಮೊದಲು ಮೂರು ಊರಿನ ಮೂರು ಕಂಬದ ವಿಷಯ ಹೇಳಿದೆ. ನಂಬಲಿಲ್ಲ. ಇಸಿದೋರಾ ತೆಗೆದಿದ್ದ ಫೋಟೋಗಳನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದಳು. ದೊನ್ ಹಸಿಂತೊ ಒಂದೊಂದನ್ನೂ ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಸರಿ ಕಣಮ್ಮ, ಕಂಬ ಹಿಂಗೇ ಇರೋದು ಪದ್ಧತಿ ಅನ್ಕೊಳ್ಳೋಣ," ಅಂದರು. "ಹಂಗಾದ್ರೆ ದೋಣಿ ಯಾಕೆ ಮುಳುಗ್ತು?"

ನೀನು ಬೇಡ ಎಂದಿದ್ದೆ. ಹೇಳದೆ ಇರಬಹುದಿತ್ತು, ಸಮುದ್ರದ ಮೇಲೆ ಹಾಕಬಹುದಿತ್ತು, ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ನಾನು ಹಲಗೆಯ ವಿಷಯ ಹೇಳಿದೆ, ಟಾರಿನ ವಿಷಯ ಹೇಳಿದೆ. ಒಳ್ಳೆಯ ಮರ ಎಲ್ಲಿಗೆ ಹೋಗಿತ್ತು ಎಂದೂ ಹೇಳಿದೆ. ಅದು ಅವರೆಲ್ಲರ ತಲೆಯ ಮೇಲೇ ಇತ್ತು. ಕೆಲವರು ಕತ್ತೆತ್ತಿ ನೋಡಿದರು.

ದೊನ್ ಹಸಿಂತೊ, "ಸತ್ತವನ ಮೇಲೆ ಹೇಳ್ತೀಯಲ್ಲೇ ಎದುವಿನಾ. ನಿಮ್ಮಪ್ಪ ಅವನು," ಅಂದರು.

"ಹೌದು. ಸತ್ತಿದಾನೆ, ಅದಕ್ಕೆ ಅವನು ಊರು ಬಿಡ್ಬೇಕಾಗಿಲ್ಲ," ಅಂದೆ.

ಅವರು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತರು. ಆಮೇಲೆ, "ಆ ಹುಡುಗ ಲಾಂಚ್ ಹತ್ತುವಾಗ ನಾನು ಅವನ ಕಡೆ ಉಗಿದಿದ್ದೆ," ಅಂದರು. ಅದನ್ನು ನೀನು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಲು ನಾನೇನು ಕೇಳಿದ್ದೆನೇ.

ನನ್ನ ಮಾತನ್ನೂ ಇಲ್ಲಿ ಬರೆದುಬಿಡುತ್ತೇನೆ. ಜೆಟ್ಟಿಯ ಮೇಲೆ ನಾನು, ರೂಪೆರ್ತೊ ಬದಲು ನೀನು ಮುಳುಗಬೇಕಿತ್ತು ಎಂದಿದ್ದೆ. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮೂವತ್ತಾರು ವರ್ಷ ತಡ, ಗೊತ್ತು. ಅಪ್ಪನ ಮೇಲೆ ನನಗೂ ಸಿಟ್ಟು ಬಂದಿದೆ, ನಿನ್ನದಕ್ಕಿಂತ ಹೊಸದು. ರೂಪೆರ್ತೊನ ಸಮಾಧಿಗೂ ಅಪ್ಪನ ಸಮಾಧಿಗೂ ಒಂದೇ ಕೊಡದಿಂದ ನೀರು ಹಾಕುತ್ತಿದ್ದೆ. ಈ ವಾರ ಅಪ್ಪನದಕ್ಕೆ ಹಾಕಲಿಲ್ಲ. ಮುಂದೆ ಹಾಕಬಹುದು.

ತೀರ್ಮಾನ ಆಗಿದೆ. ಕಂಬ ವಾಪಸ್ ನಿಲ್ಲುತ್ತದೆ, ಬುಡ ಮೇಲಾಗಿಯೇ. ಮಿಂಗಾ ಏಪ್ರಿಲ್ ೧೮, ಶನಿವಾರ. ಎಲ್ಲ ಮನೆಯಿಂದಲೂ ಕೈ ಬರುತ್ತದೆ, ದೊನ್ ಹಸಿಂತೊ ಮನೆಯಿಂದ ಕುರಿ ಬರುತ್ತದೆ. ನಿನ್ನ ಚಿತ್ರವಿದ್ದರೂ ಮೇಲಿನ ಕೀಲನ್ನು ಕೂಡಿಸುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ, ಇಸಿದೋರಾಗೂ ಇಲ್ಲ. ಬಾ ಎಂದು ನಾನು ಬರೆಯುವುದಿಲ್ಲ. ಬರಬೇಕು ಎಂದು ನನಗೆ ಆಸೆಯಿದೆ ಎಂದು ಮಾತ್ರ ಬರೆಯುತ್ತೇನೆ.

ಅಪ್ಪನ ಬಾಚಿ ಅಡುಗೆಮನೆಯ ತೊಲೆಯ ಮೇಲೆ ಇದೆ. ತುಕ್ಕು ಹಿಡಿದಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದೆ, ಯಾರಿಗಾಗಿ ಎಂದು ಕೇಳಿಕೊಂಡಿರಲಿಲ್ಲ.

ನಿನ್ನ ಅಕ್ಕ
ಎದುವಿನಾ


ಪುಂತಾ ಅರೇನಾಸ್
೨೩ ಮಾರ್ಚ್ ೧೯೯೮

ಅಕ್ಕ,

ಹಡಗಿನಲ್ಲಿ ಜಾಗ ಸಿಕ್ಕಿದೆ. ಕಾಸ್ತ್ರೊದಿಂದ ಶುಕ್ರವಾರದ ಲಾಂಚ್ ಈಗಲೂ ಮಧ್ಯಾಹ್ನಕ್ಕೇ ಹೊರಡುತ್ತದೆಯೇ? ಜೆಟ್ಟಿಗೆ ಯಾರೂ ಬರುವುದು ಬೇಡ, ನೀನೊಬ್ಬಳು ಬಂದರೆ ಸಾಕು. ಮೊದಲು ಇಗರ್ಜಿಗೆ ಹೋಗೋಣ. ನೋಡಲು ಬಂದವರ ಹಾಗೆ ಹೊಸ್ತಿಲಲ್ಲಿ ನಿಂತಿರುತ್ತೇನೆ, ಬಾಗಿಲು ನೀನು ತೆಗೆ.

ಬಾಚಿಗೆ ಹೊಸ ಹಿಡಿ ಹಾಕಿಸಿಡು. ಹಳೆಯದು ಅಪ್ಪನ ಕೈಯಳತೆಯದು.

ನಿನ್ನ ತಮ್ಮ
ಬೆಲಾರ್ಮಿನೊ